ಪಕ್ಕದಲ್ಲಿರೋರನ್ನ ನಂಬಬಹುದಾ?

“ಒಂದು ಒಳ್ಳೆ ಸಸ್ಪೆನ್ಸ್ ಕಾದಂಬರಿ ಹೇಳ್ರೀ” ಅಂತ ಯಾರಾದ್ರೂ ಕೇಳಿದರೆ ನಾನು ತಿರುಗಿ ಕೇಳೋದು ಇಷ್ಟೇ: ಕೊಲೆ ಬೇಕಾ, ಗೂಢಚಾರಿಕೆ ಬೇಕಾ, ಪ್ರೀತಿ ಬೇಕಾ? ಸುಮಾರು ಜನ “ಮೂರೂ ಇದ್ದರೆ ಒಳ್ಳೇದು” ಅಂತಾರೆ. ತಪ್ಪೇನಿಲ್ಲ ಬಿಡಿ. ಗೂಢಚಾರ ಬದುಕೋದೇ ಗುಟ್ಟಿನ ಮೇಲೆ. ಪ್ರೀತಿಯಲ್ಲಿ ಬಿದ್ದವರೂ ಹೆಚ್ಚುಕಮ್ಮಿ ಹಾಗೇ. ಎರಡು ಕಡೆಯೂ ಕಾಡೋ ಪ್ರಶ್ನೆ ಒಂದೇ: ಪಕ್ಕದಲ್ಲಿರೋರನ್ನ ನಂಬಬಹುದಾ? ಈ ಸಲ ಆ ಪ್ರಶ್ನೆ ಹಿಡಿದುಕೊಂಡೇ ನಾಲ್ಕು ಪುಸ್ತಕ. ಕೊನೆ ಏನಾಗುತ್ತೆ ಅಂತ ಹೇಳಲ್ಲ, ಹೆದರಬೇಡಿ.

ಮೊದಲು ನಮ್ಮದೇ ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’. ಮಲೆನಾಡಿನ ಕೆಸರೂರು. ಏಲಕ್ಕಿ ಬೆಳೆ ಕುಸಿದಿದೆ, ಏಲಕ್ಕಿ ಬಗ್ಗೆ ಸಂಶೋಧನೆ ಮಾಡ್ತಿದ್ದ ವಿಜ್ಞಾನಿಯೊಬ್ಬರ ಸಾವಿನ ಬಗ್ಗೆ ಅನುಮಾನ ಇದೆ. ಪತ್ತೆ ಮಾಡೋಕೆ ಗುಪ್ತಚರ ಇಲಾಖೆಯ ಅಂಗಡಿ ಬರ್ತಾರೆ. ಇನ್ನೊಂದು ಕಡೆ ರಫಿ ಮತ್ತು ಜಯಂತಿಯ ಪ್ರೀತಿ. ಅರ್ಧ ಪುಸ್ತಕ ನಗ್ತಾನೇ ಓದ್ತೀರಿ. ಊರಿಗೆ ಊರೇ ಒಬ್ಬರನ್ನೊಬ್ಬರು ಅನುಮಾನದಿಂದ ನೋಡೋಕೆ ಶುರು ಮಾಡಿದಾಗ ಆ ನಗು ಗಂಟಲಲ್ಲೇ ನಿಲ್ಲುತ್ತೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಇದು.

ಎರಡನೆಯದು ಕೆನ್ ಫಾಲೆಟ್ ಬರೆದ ‘ಐ ಆಫ್ ದ ನೀಡಲ್’ (1978). ಎರಡನೇ ಮಹಾಯುದ್ಧದ ಕಾಲ. ನಾರ್ಮಂಡಿಯಲ್ಲಿ ಸೇನೆ ಇಳಿಸೋ ಮೊದಲು ಮಿತ್ರರಾಷ್ಟ್ರಗಳು ಜರ್ಮನಿಯ ಕಣ್ಣಿಗೆ ಮಣ್ಣೆರಚೋಕೆ ಇಂಗ್ಲೆಂಡಿನಲ್ಲಿ ಒಂದು ಸುಳ್ಳು ಸೇನೆಯನ್ನೇ ಸೃಷ್ಟಿಸಿದ್ದು ನಿಜ ಸಂಗತಿ. ಕಾದಂಬರಿಯಲ್ಲಿ ಆ ಗುಟ್ಟು ಒಬ್ಬ ಜರ್ಮನ್ ಗೂಢಚಾರನಿಗೆ ಗೊತ್ತಾಗುತ್ತೆ. ಆದರೆ ಬಿರುಗಾಳಿಗೆ ಸಿಕ್ಕಿ ಅವನು ಒಂದು ದ್ವೀಪ ಸೇರ್ತಾನೆ. ಅಲ್ಲಿ ಲೂಸಿ ಇದ್ದಾಳೆ, ಗಂಡನಿದ್ದೂ ಒಂಟಿ. ಯುದ್ಧದ ಗತಿ ಒಬ್ಬ ಹೆಣ್ಣುಮಗಳ ಧೈರ್ಯಕ್ಕೆ ಬಂದು ನಿಲ್ಲುತ್ತೆ.

ಮೂರನೆಯದು ಜಾನ್ ಲ ಕ್ಯಾರೆ ಅವರ ‘ದ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ (1963). ಲೇಖಕರ ನಿಜವಾದ ಹೆಸರು ಡೇವಿಡ್ ಕಾರ್ನ್‌ವೆಲ್, ಸ್ವತಃ ಬ್ರಿಟಿಷ್ ಗುಪ್ತಚರ ಸಂಸ್ಥೆಯಲ್ಲಿ ಇದ್ದವರು. ಬಾಂಡ್ ಥರದ ಕಾರು, ಸೂಟು, ಹಾರಾಟ ಇಲ್ಲಿ ಇಲ್ಲ. ದಣಿದುಹೋದ ಲೀಮಸ್, ಗ್ರಂಥಾಲಯದಲ್ಲಿ ಕೆಲಸ ಮಾಡೋ ಲಿಜ್, ಬರ್ಲಿನ್ ಗೋಡೆ. ಮೇಲಿನವರು ನಮ್ಮನ್ನ ಯಾವುದಕ್ಕೆ ಬಳಸಿಕೊಳ್ತಿದ್ದಾರೆ ಅನ್ನೋದೇ ನಮಗೆ ಗೊತ್ತಿಲ್ಲದಿದ್ದರೆ? ಆಫೀಸಿಗೆ ಹೋಗೋ ಯಾರಿಗಾದ್ರೂ ಈ ಪುಸ್ತಕ ಸ್ವಲ್ಪ ಚುಚ್ಚುತ್ತೆ.

ಕೊನೆಯದು ಡ್ಯಾಫ್ನಿ ದು ಮೋರಿಯೇ ಬರೆದ ‘ರೆಬೆಕಾ’ (1938). ಶ್ರೀಮಂತ ವಿಧುರನನ್ನು ಮದುವೆಯಾಗಿ ದೊಡ್ಡ ಬಂಗಲೆಗೆ ಬಂದ ಹುಡುಗಿಯೇ ಕತೆ ಹೇಳೋಳು. ಅವಳ ಹೆಸರು ನಮಗೆ ಗೊತ್ತೇ ಆಗಲ್ಲ! ಪುಸ್ತಕದ ಹೆಸರು ಸತ್ತುಹೋದ ಮೊದಲ ಹೆಂಡತಿಯದು. ಗಂಡನನ್ನ ನೇರವಾಗಿ ಕೇಳೋದು ಬಿಟ್ಟು, ಅವನ ಮನಸ್ಸಲ್ಲಿ ಏನಿದೆ ಅಂತ ಊಹಿಸ್ತಾ ಊಹಿಸ್ತಾ ಅವಳು ಕುಗ್ಗಿಹೋಗ್ತಾಳೆ. ಸಂಗಾತಿಯ ‘ಲಾಸ್ಟ್ ಸೀನ್’ ನೋಡ್ಕೊಂಡು ರಾತ್ರಿ ನಿದ್ದೆ ಕೆಡಿಸ್ಕೊಳ್ಳೋರಿಗೆ ಇದು 1938ರ ಕತೆ ಅನ್ನಿಸೋದೇ ಇಲ್ಲ.

ಯಾವುದರಿಂದ ಶುರು ಮಾಡಲಿ ಅಂತೀರಾ? ಇಂಗ್ಲಿಷ್ ಕಾದಂಬರಿ ಅಭ್ಯಾಸ ಇಲ್ಲದಿದ್ದರೆ ‘ನೀಡಲ್’ ಹಿಡೀರಿ, ಭಾಷೆ ಸಲೀಸು, ಓಟ ಜೋರು. ವಾರಾಂತ್ಯ ಪೂರ್ತಿ ಬಿಡುವಿದ್ದರೆ ‘ರೆಬೆಕಾ’. ಮನಸ್ಸು ಭಾರವಾಗಿರೋ ದಿನ ಲ ಕ್ಯಾರೆ ಬೇಡ. ತೇಜಸ್ವಿ ಯಾವತ್ತಾದ್ರೂ ಸರಿ.

ಒಂದೇ ಒಂದು ಕೋರಿಕೆ: ಓದೋ ಮೊದಲು ಕತೆಯ ಸಾರಾಂಶ ಹುಡುಕಬೇಡಿ. ಓದಿ ಮುಗಿಸಿದ ಮೇಲೆ ಪುಸ್ತಕವನ್ನ ನಿಮ್ಮವರ ಕೈಗೆ ಕೊಡಿ, ಬಾಯಿ ಮಾತ್ರ ಬಿಡಬೇಡಿ. ಅವರೂ ಮುಗಿಸಲಿ, ಆಮೇಲೆ ಕಾಫಿ ಹಿಡ್ಕೊಂಡು ಕೂತು ಮಾತಾಡಿ. ಎಷ್ಟೋ ದಿನದಿಂದ ಕೇಳಬೇಕು ಅಂದ್ಕೊಂಡಿದ್ದ ಪ್ರಶ್ನೆಯನ್ನ ಆಗ ಸಲೀಸಾಗಿ ಕೇಳಬಹುದು.