ನೀಲಿ ಉರಿ, ಹಳದಿ ಉರಿ

ಮಕ್ಕಳೇ, ಈ ವಾರ ನಿಮಗೆ ಅಡುಗೆಮನೆಯಲ್ಲಿ ಒಂದು ಕೆಲಸ. ಅಜ್ಜಿ ಕಾಫಿಗೆ ಹಾಲಿಟ್ಟಾಗ ಸ್ವಲ್ಪ ದೂರ ನಿಂತು ಗ್ಯಾಸ್ ಒಲೆಯ ಉರಿ ಯಾವ ಬಣ್ಣದಲ್ಲಿದೆ ನೋಡಿ. ನೀಲಿಯಾಗಿದ್ದರೆ ಒಳ್ಳೆಯದು. ಹಳದಿ ನಾಲಿಗೆ ಚಾಚುತ್ತಾ ಪಾತ್ರೆಯ ತಳಕ್ಕೆ ಮಸಿ ಹಿಡಿಸುತ್ತಿದ್ದರೆ, ಅನಿಲಕ್ಕೆ ಸಾಕಷ್ಟು ಗಾಳಿ ಸೇರುತ್ತಿಲ್ಲ, ಅದು ಪೂರ್ತಿ ಉರಿಯುತ್ತಿಲ್ಲ ಎಂದು ಅರ್ಥ. ಗ್ಯಾಸೂ ದಂಡ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ, ವಾಸನೆಯೇ ಇಲ್ಲದ ವಿಷದ ಗಾಳಿ ಬೇರೆ.

ಅಜ್ಜಿಗೆ ಹಳದಿ ಉರಿ ಹೊಸದಲ್ಲ. ತಿಪಟೂರು ಸೀಮೆಯ ಅರಳಗುಪ್ಪೆಯಂಥ ಊರುಗಳಲ್ಲಿ ಚಿಪ್ಪು, ಮಟ್ಟೆ, ಒಣಗಿದ ಗರಿ ಹಾಕಿ ಒಲೆ ಉರಿಸಿದ ಕೈ ಅದು. ಆ ಒಲೆ ಸರಿಯಾಗಿ ಉರಿಯದಿದ್ದರೆ ಹೊಗೆ ಎದ್ದು ತಾನೇ ಹೇಳುತ್ತಿತ್ತು. ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋದರೆ ತಲೆ ಎತ್ತಿ ಚಾವಣಿ ನೋಡಿ. ನೊಳಂಬರ ಕಾಲದ ಕೆತ್ತನೆ. ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು, ಅವರಲ್ಲಿ ಅಗ್ನಿಯೂ ಒಬ್ಬ. ಅವನ ದಿಕ್ಕು ಆಗ್ನೇಯ. ಅಡುಗೆಮನೆಯನ್ನೂ ಅದೇ ಮೂಲೆಗೆ ಇಡುವುದು ನಮ್ಮಲ್ಲಿ ವಾಡಿಕೆ. ಆದರೆ ಸಿಲಿಂಡರಿನ ಅನಿಲ ಮೂಲೆಯಲ್ಲಿ ನಿಲ್ಲುವಂಥದ್ದಲ್ಲ!

ಮೊದಲು ಒಲೆ ತೊಳೆಯುವ ವಿಚಾರ. ಇದು ದೊಡ್ಡವರ ಕೆಲಸ. ಮಕ್ಕಳು ಪಕ್ಕದಲ್ಲಿದ್ದರೆ ಸಾಕು. ರೆಗ್ಯುಲೇಟರ್ ಆಫ್ ಮಾಡಿ, ಒಲೆ ಪೂರ್ತಿ ಆರಿದ ಮೇಲೆ ಬರ್ನರ್ ತೆಗೆಯಿರಿ. ಹಿತ್ತಾಳೆಯದಾದರೆ ಹುಣಸೆಹಣ್ಣು ಹಾಕಿದ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಪೂಜೆಯ ಪಾತ್ರೆ ಬೆಳಗಿದ ಹಾಗೆಯೇ ಉಜ್ಜಬಹುದು. ತೆಂಗಿನ ನಾರು ಮಾತ್ರ ಬೇಡ. ಅದರ ಎಳೆ ತೂತಿನೊಳಗೆ ಸಿಕ್ಕಿಕೊಂಡು ಇನ್ನಷ್ಟು ಕಟ್ಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಳ್ಳೆಯದು. ಉಕ್ಕಿದ ಹಾಲು ಒಣಗಿ ಮುಚ್ಚಿದ ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಬರ್ನರಿನ ಕೆಳಗಿರುವ ಪುಟ್ಟ ಜೆಟ್ಟಿಗೆ ಪಿನ್ ಹಾಕಬೇಡಿ. ಅದರ ತೂತು ದೊಡ್ಡದಾದರೆ ಉರಿ ಕೆಡುತ್ತದೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಿ. ತೊಳೆದದ್ದು ಚೆನ್ನಾಗಿ ಒಣಗಲಿ. ನೀರು ಉಳಿದರೆ ಉರಿ ಪಟಪಟ ಅನ್ನುತ್ತದೆ.

ಇನ್ನು ಕಿತ್ತಳೆ ಬಣ್ಣದ ಟ್ಯೂಬು. ಇದರ ಆಯುಸ್ಸು 5 ವರ್ಷ, ತಾರೀಖು ಅದರ ಮೇಲೇ ಅಚ್ಚಾಗಿರುತ್ತದೆ. ಕನ್ನಡಕ ಹುಡುಕುವ ಅಜ್ಜನಿಗೆ ಓದಿ ಹೇಳಿ. ಉಂಡೆಕೊಬ್ಬರಿಗೆ ಕಾಯಿ ತುಂಬಿದ ಅಟ್ಟ ಇರುವ ಮನೆಯಲ್ಲಿ ಇಲಿ ಇರದೆ ಇರುತ್ತದೆಯೇ? ಇಲಿ ಟ್ಯೂಬನ್ನೂ ಕಡಿಯುತ್ತದೆ. ಒಲೆಯ ಹಿಂಬದಿಯನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಸಂದೇಹ ಬಂದರೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರಂತೆ, ಅವರ ಧೈರ್ಯ ನಮಗೆ ಬೇಡ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲ ಹಿಡಿದು ಹರಿಯುತ್ತದೆ. ಬಚ್ಚಲಲ್ಲಿ ಮಟ್ಟೆ ಹಾಕಿ ಉರಿಸುವ ನೀರೊಲೆ ಇದ್ದರೆ ಅಲ್ಲಿಯವರೆಗೂ ಹೋಗಬಹುದು, ದೇವರಮನೆಯ ದೀಪದವರೆಗೂ ಹೋಗಬಹುದು. ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆಯ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ವಯಸ್ಸಾದಂತೆ ಮೂಗು ಮಂದವಾಗುತ್ತದೆ ಮಕ್ಕಳೇ. ಅಜ್ಜಿಗೆ ತಿಳಿಯದ ವಾಸನೆ ನಿಮಗೆ ತಿಳಿದೀತು. "ಏನೋ ವಾಸನೆ ಅಜ್ಜಿ" ಎಂದು ಮೊಮ್ಮಗ ಹೇಳಿದರೆ, ಅಜ್ಜಿಯರೇ, "ಸುಮ್ನಿರೋ" ಅನ್ನಬೇಡಿ.

ಆಗ ಒಲೆಯ ತಿರುಗಣೆ, ರೆಗ್ಯುಲೇಟರ್ ಎರಡನ್ನೂ ದೊಡ್ಡವರು ಆಫ್ ಮಾಡಲಿ. ಉರಿಯುವ ದೀಪ, ಒಲೆ ಎಲ್ಲ ಆರಲಿ. ಬಾಗಿಲು, ಕಿಟಕಿ ತೆರೆಯಿರಿ. ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಒಂದು ಕಿಡಿ ಸಾಕು. ಎಲ್ಲರೂ ಅಂಗಳಕ್ಕೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಅನಿಲ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಈಗಲೇ ದಪ್ಪಗೆ ಬರೆದಿಡಿ.

ಕೊನೆಗೊಂದು ಒಗಟು. ಸಿಲಿಂಡರಿನ ಕೊರಳ ಹತ್ತಿರದ ಪಟ್ಟಿಯ ಒಳಬದಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಎರಡು ಅಂಕಿ ಇರುತ್ತವೆ. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. 'ಬಿ 27' ಎಂದಿದ್ದರೆ 2027ರ ಜೂನ್ ಮುಗಿಯುವುದರೊಳಗೆ ಆ ಸಿಲಿಂಡರ್ ಮತ್ತೆ ಪರೀಕ್ಷೆಗೆ ಹೋಗಬೇಕು. ಅವಧಿ ಮುಗಿದದ್ದನ್ನು ತಂದರೆ ಬಾಗಿಲಲ್ಲೇ ವಾಪಸು ಕಳಿಸಿ. ನಿಮ್ಮ ಮನೆಯದರಲ್ಲಿ ಏನಿದೆ, ಅಜ್ಜನ ಜೊತೆ ಹೋಗಿ ನೋಡಿ ಬನ್ನಿ.