ಅತಿಥಿ ಉಂಡ ತಟ್ಟೆ ಯಾರ ಹಳ್ಳಕ್ಕೆ?

ಶನಿವಾರ ಮಧ್ಯಾಹ್ನ ಘಟ್ಟದ ಮೇಲಿನ ರೆಸಾರ್ಟುಗಳ ಅಂಗಳದಲ್ಲಿ ಕಾಣುವ ದೃಶ್ಯ ಹೆಚ್ಚುಕಡಿಮೆ ಒಂದೇ. ಬಿಳಿ ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಅದರ ಮೇಲೆ ಮುಚ್ಚಳವುಳ್ಳ ಸ್ಟೀಲ್ ಪಾತ್ರೆಗಳ ಸಾಲು, ಪಾತ್ರೆಯ ಅಡಿಯಲ್ಲಿ ಸಣ್ಣಗೆ ಉರಿಯುವ ಬೆಂಕಿ, ಕೊನೆಯಲ್ಲಿ ಪೇರಿಸಿಟ್ಟ ಬಳಸಿ ಬಿಸಾಡುವ ತಟ್ಟೆ-ಲೋಟಗಳು ಮತ್ತು ನೀರಿನ ಬಾಟಲಿಗಳು. ಸೋಮವಾರ ಬೆಳಿಗ್ಗೆ ಅದೇ ಕಟ್ಟಡದ ಹಿಂಬದಿಗೆ ಹೋಗಿ ದರೆಯ ಅಂಚಿನಿಂದ ಕೆಳಗೆ ನೋಡಬೇಕು. ಅನ್ನ, ಪನೀರು, ಕೇಕಿನ ಚೂರುಗಳ ನಡುವೆ ಕಾಗದದ ಲೋಟ, ಬೆಳ್ಳಿಬಣ್ಣದ ತಟ್ಟೆ, ಚಪ್ಪಟೆಯಾದ ಬಾಟಲಿ. ಕಾಗೆ, ಮಂಗ, ಬೀಡಾಡಿ ದನಗಳು ಅಲ್ಲಿ ಪಂಕ್ತಿ ಹಿಡಿದಿರುತ್ತವೆ. ಮೊದಲ ದೊಡ್ಡ ಮಳೆಗೆ ಅದೆಲ್ಲವೂ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಕೆಳಗೆ ಯಾರದೋ ತೋಟವಿದೆ, ತೋಟದ ಕೆಳಗೆ ಯಾರದೋ ಕುಡಿಯುವ ನೀರಿನ ಬಾವಿಯಿದೆ.

ಎಲ್ಲ ಮಾಲೀಕರೂ ಹೀಗೆಯೇ ಎನ್ನುವುದು ಅನ್ಯಾಯವಾದೀತು. ಮನೆಯ ಜಗಲಿಯಲ್ಲಿಯೇ ಎಲೆ ಹಾಕಿ ಬಡಿಸುವ ಹೋಮ್‌ಸ್ಟೇಗಳು ಮಲೆನಾಡಿನಲ್ಲಿ ಇನ್ನೂ ಇವೆ. ಆದರೆ ಅವು ಅಪವಾದವಾಗುತ್ತಿವೆ. ಕಸಕ್ಕೆ ಹೊಣೆ ಯಾರೆಂದು ಕೇಳಿದರೆ ಮಾಲೀಕರು ಪ್ರವಾಸಿಗರತ್ತ ಬೆರಳು ತೋರುತ್ತಾರೆ, ಪ್ರವಾಸಿಗರು ಪಂಚಾಯತಿಯತ್ತ, ಪಂಚಾಯತಿಯು ಅನುದಾನ ಸಾಲದೆಂದು ಸರ್ಕಾರದತ್ತ. ಕಸದ ಪ್ರಮಾಣ ನಿರ್ಧಾರವಾಗುವುದು ಬಡಿಸುವ ಮೇಜಿನ ಬಳಿಯಲ್ಲಿ ಎಂಬ ಸರಳ ಸಂಗತಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಬಡಿಸುವ ಕ್ರಮವೆಂದರೆ ಶಿಷ್ಟಾಚಾರದ ಸಂಗತಿ ಎಂದೇ ಹೋಟೆಲ್ ನಿರ್ವಹಣೆಯ ವಿದ್ಯಾರ್ಥಿಗಳು ಕಲಿಯುತ್ತಾರೆ. ಫ್ರೆಂಚ್ ಪದ್ಧತಿ, ರಷ್ಯನ್ ಪದ್ಧತಿ, ಇಂಗ್ಲಿಷ್ ಪದ್ಧತಿ, ಬಫೆ. ಆಹಾರವನ್ನು ಅತಿಥಿಯ ಯಾವ ಭುಜದ ಕಡೆಯಿಂದ ಬಡಿಸಬೇಕು, ಪಾನೀಯವನ್ನು ಯಾವ ಕಡೆಯಿಂದ ಸುರಿಯಬೇಕು ಎಂಬುದಕ್ಕೆಲ್ಲ ನಿಯಮಗಳಿವೆ. ಈ ಹೆಸರುಗಳ ಹಿಂದೆ ಒಂದು ಇತಿಹಾಸವಿದೆ, ಅದನ್ನು ಇಲ್ಲಿ ನೆನೆಯುವುದು ಉಪಯುಕ್ತ. ಯೂರೋಪಿನ ಸಿರಿವಂತರ ಔತಣಗಳಲ್ಲಿ ಹಿಂದೆ ಹತ್ತಾರು ಭಕ್ಷ್ಯಗಳನ್ನು ಒಮ್ಮೆಗೇ ಮೇಜಿನ ತುಂಬ ಹರಡಿ ವೈಭವ ಮೆರೆಯುವ ಫ್ರೆಂಚ್ ಪದ್ಧತಿಯಿತ್ತು. ಬಿಸಿಯಾಗಿರಬೇಕಾದದ್ದು ಆರುತ್ತಿತ್ತು, ದೂರದಲ್ಲಿ ಇಟ್ಟದ್ದು ಕೈಗೆಟುಕುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಅದರ ಜಾಗಕ್ಕೆ ರಷ್ಯನ್ ಪದ್ಧತಿ ಬಂದಿತು. ಒಂದಾದ ಮೇಲೊಂದರಂತೆ, ಬಿಸಿಬಿಸಿಯಾಗಿ, ಪ್ರತಿಯೊಬ್ಬರಿಗೂ ಬೇಕಾದಷ್ಟೇ ಬಡಿಸುವ ಕ್ರಮ ಅದು. ಅಂದರೆ ಮಲೆನಾಡಿನ ಪಂಕ್ತಿಯ ಕ್ರಮಕ್ಕೆ ಹತ್ತಿರದ ಸಂಬಂಧಿ. ಮೇಜಿನ ಮೇಲೆ ರಾಶಿ ಹಾಕುವುದೇ ಆಧುನಿಕವೆಂದು ನಂಬಿರುವ ನಮ್ಮ ರೆಸಾರ್ಟುಗಳು, ಯೂರೋಪು ನೂರೈವತ್ತು ವರ್ಷಗಳ ಹಿಂದೆ ಕೈಬಿಟ್ಟ ಅದ್ದೂರಿಯನ್ನು ಬೇರೊಂದು ಹೆಸರಿನಲ್ಲಿ ಹೊತ್ತು ತಂದಿವೆ.

ಪಂಕ್ತಿಯಲ್ಲಿ ಎಲೆಯ ಕುಡಿ ಉಣ್ಣುವವರ ಎಡಕ್ಕಿರುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಎಲೆಯ ಮೇಲುಭಾಗದಲ್ಲಿ ಚಿಕ್ಕಚಿಕ್ಕದಾಗಿ ಬೀಳುತ್ತವೆ. ಅನ್ನಕ್ಕೆ ತೊವ್ವೆ, ಸಾರು, ಹುಳಿ, ತಂಬುಳಿ, ಕೊನೆಗೆ ಮಜ್ಜಿಗೆ. ಒಂದೊಂದಕ್ಕೂ ಅನ್ನವನ್ನು ಮತ್ತೆ ಕೇಳಿ ಹಾಕಿಸಿಕೊಳ್ಳಬೇಕು. ಬಡಿಸುವವನ ಕೈಯಲ್ಲಿ ಸೌಟಿದೆ, ಉಣ್ಣುವವನ ಕೈ ಎಲೆಯ ಮೇಲೆ ಅಡ್ಡ ಬಂದು "ಸಾಕು" ಎನ್ನುತ್ತದೆ. ಆ ಅಡ್ಡ ಬರುವ ಕೈಯೇ ಈ ಪದ್ಧತಿಯ ಅಳತೆಗೋಲು. ಬಫೆಯಲ್ಲಿ ಆ ಕೈಯಿಲ್ಲ. ಹಸಿದ ಕಣ್ಣು ಒಮ್ಮೆಗೇ ತುಂಬಿಸಿಕೊಳ್ಳುತ್ತದೆ. ಸಾಲಿನಲ್ಲಿ ಎರಡನೆಯ ಬಾರಿ ನಿಲ್ಲಲು ಬೇಸರ, ಆದುದರಿಂದ ಮೊದಲ ಬಾರಿಯೇ ಎಲ್ಲವೂ ಬೇಕು.

ಹೀಗೆಂದ ಮಾತ್ರಕ್ಕೆ ಹಳೆಯ ಪಂಕ್ತಿಯನ್ನು ಪೂಜೆಗಿಡುವ ಅಗತ್ಯವಿಲ್ಲ. ಯಾರು ಯಾರ ಪಕ್ಕದಲ್ಲಿ ಕೂರಬಹುದು, ಯಾರು ಅಂಗಳದ ಆಚೆ ಕೂರಬೇಕು, ಯಾರ ಎಲೆಯನ್ನು ಯಾರು ತೆಗೆಯಬೇಕು ಎಂಬುದನ್ನು ಜಾತಿಯೇ ನಿರ್ಧರಿಸುತ್ತಿದ್ದ ಕಾಲವನ್ನು ಮರೆತು ಪಂಕ್ತಿಭೋಜನದ ಗುಣಗಾನ ಮಾಡುವುದು ಆತ್ಮವಂಚನೆ. ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶ ಇರಬೇಕೆಂದು ಸಂವಿಧಾನದ 15ನೆಯ ವಿಧಿ ಬಾಯಿಬಿಟ್ಟು ಹೇಳಬೇಕಾಯಿತು. 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಪ್ರತ್ಯೇಕ ಕಾಯಿದೆಯೇ ಬಂದಿತು. ಆಮೇಲೂ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ಉಳಿಯಿತು. ಬಿಸಾಡುವ ಲೋಟವು ಎಷ್ಟೋ ಕಡೆ ಆ ಪದ್ಧತಿಗೆ ಒಂದು ಸಭ್ಯ ಮುಸುಕಾಯಿತೆಂಬುದನ್ನು ಪರಿಸರವಾದಿಗಳು ಗಮನಿಸಬೇಕು. ಒಬ್ಬರು ಕುಡಿದ ಲೋಟವನ್ನು ತೊಳೆದು ಇನ್ನೊಬ್ಬರಿಗೆ ಕೊಡುವುದು ಸಣ್ಣ ಸಂಗತಿಯಲ್ಲ. ಸ್ಟೀಲ್ ಲೋಟವನ್ನು ಮರಳಿ ತರುವ ಬೇಡಿಕೆಯು ಎಲ್ಲರಿಗೂ ಒಂದೇ ಲೋಟ ಎಂಬ ಬೇಡಿಕೆಯೂ ಆಗಿರಬೇಕು. ಇಲ್ಲವಾದರೆ ಆ ಬೇಡಿಕೆಗೆ ಅರ್ಥವಿಲ್ಲ.

ಬಡಿಸುವ ಆಳುಗಳಿಲ್ಲ, ಆದುದರಿಂದ ಬಫೆ ಅನಿವಾರ್ಯ ಎಂಬುದು ಮಾಲೀಕರ ಮೊದಲ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಹಿಂದಿನ ಹೋಟೆಲುಗಳು ಅಗ್ಗವಾಗಿ ಬಡಿಸುತ್ತಿದ್ದುದು ಊರು ಬಿಟ್ಟು ಬಂದ ಹುಡುಗರ ದುಡಿಮೆಯಿಂದ. ಹೋಟೆಲುಗಳಲ್ಲಿ ಮಕ್ಕಳ ದುಡಿಮೆಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಆ ಅಗ್ಗದ ಕಾಲ ಮರಳಿ ಬರಬೇಕೆಂದು ಯಾರೂ ಬಯಸಬಾರದು. ಆದರೆ ಆಳಿನ ಕೊರತೆಗೆ ಬಿಸಾಡುವ ತಟ್ಟೆಯೇ ಉತ್ತರವೆಂಬುದು ಎಲ್ಲಿಂದ ಬಂದಿತು? 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭವಾದ ದರ್ಶಿನಿ ಮಾದರಿಯನ್ನು ನೋಡಬಹುದು. ಅಲ್ಲಿ ಕುರ್ಚಿಯಿಲ್ಲ, ಮಾಣಿಯಿಲ್ಲ. ಚೀಟಿ ಕೊಟ್ಟು ತಿಂಡಿ ಪಡೆದು ನಿಂತೇ ತಿನ್ನಬೇಕು. ಆದರೂ ದರ್ಶಿನಿಯ ಇಡ್ಲಿ ಬಂದದ್ದು ಸ್ಟೀಲ್ ತಟ್ಟೆಯಲ್ಲಿ, ಕಾಫಿ ಬಂದದ್ದು ಸ್ಟೀಲ್ ಲೋಟದಲ್ಲಿ, ಅದೂ ಕೇಳಿದಷ್ಟೇ. ಸ್ವಸಹಾಯ ಪದ್ಧತಿಗೂ ರಾಶಿ ಹಾಕುವ ಪದ್ಧತಿಗೂ ಅಜಗಜಾಂತರವಿದೆ. ತೊಳೆಯುವುದು ಕೊಳಕು ಎಂಬ ಭಾವನೆಗೂ ಹಳೆಯ ಉತ್ತರವೊಂದಿದೆ. ಎಂಟಿಆರ್ ಎಂದು ಪ್ರಸಿದ್ಧವಾದ ಬೆಂಗಳೂರಿನ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಹೋಟೆಲುಗಳನ್ನು ನೋಡಿಬಂದ ಮೇಲೆ ಮಾಡಿದ ಬದಲಾವಣೆಗಳಲ್ಲಿ ಮುಖ್ಯವಾದದ್ದು ತಟ್ಟೆ-ಲೋಟ-ಚಮಚಗಳನ್ನು ಹಬೆಯಲ್ಲಿ ಶುದ್ಧಿಗೊಳಿಸುವುದು. ಬಿಸಾಡುವ ಆಲೋಚನೆಯನ್ನು ಅವರು ತರಲಿಲ್ಲ.

ಇನ್ನು ಅನ್ನದ ಲೆಕ್ಕ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇಕಡಾ 28ರಷ್ಟು ಹೋಟೆಲು, ಕ್ಯಾಂಟೀನು, ಊಟೋಪಚಾರಗಳ ಪಾಲು. ಬಫೆಯಲ್ಲಿ ಎರಡು ಕಡೆ ನಷ್ಟ. ತಟ್ಟೆಯಲ್ಲಿ ಬಿಟ್ಟದ್ದು ಒಂದು. ಕೊನೆಯ ಅತಿಥಿ ಬಂದಾಗಲೂ ಪಾತ್ರೆ ತುಂಬಿರಬೇಕೆಂಬ ಮರ್ಯಾದೆಯಿಂದ ಉಳಿದದ್ದು ಇನ್ನೊಂದು. ಗಂಟೆಗಟ್ಟಲೆ ಉಗುರುಬೆಚ್ಚಗೆ ಇದ್ದ ಆ ಪದಾರ್ಥವನ್ನು ರಾತ್ರಿಗೆ ಬಳಸುವುದು ಅಪಾಯ. ಮಲೆನಾಡಿನ ಒಂದು ಸಾಧಾರಣ ರೆಸಾರ್ಟಿನಲ್ಲಿ 60 ಅತಿಥಿಗಳು ತಲಾ ನೂರು ಗ್ರಾಂ ಅನ್ನ ಬಿಟ್ಟರೆಂದುಕೊಳ್ಳೋಣ. ಅದು 6 ಕಿಲೋ ಅನ್ನ, ಅಂದರೆ ಸುಮಾರು 2 ಕಿಲೋ ಅಕ್ಕಿ, ಅಂದರೆ ಸುಮಾರು 3 ಕಿಲೋ ಭತ್ತ. ಒಂದು ಕಿಲೋ ಭತ್ತಕ್ಕೆ ಮಳೆ, ನೀರಾವರಿ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಬೇಕೆಂಬುದು ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಲೆಕ್ಕ. ಒಂದು ಹೊತ್ತಿನ ಊಟದಲ್ಲಿ 7,500 ಲೀಟರ್ ನೀರು ದರೆಯ ಕೆಳಗೆ ಹೋಯಿತು. ಬೇಸಿಗೆಯಲ್ಲಿ ತಟ್ಟೆ ತೊಳೆಯಲು ನೀರಿಲ್ಲ ಎನ್ನುವವರು ಈ ಲೆಕ್ಕವನ್ನು ನೋಡಬೇಕು. ತಲೆಗೆ 5 ಲೀಟರ್ ಎಂದು ಧಾರಾಳವಾಗಿ ಹಿಡಿದರೂ 60 ಜನರ ತಟ್ಟೆ-ಲೋಟಕ್ಕೆ 300 ಲೀಟರ್ ಸಾಕು. ಒಂದು ನೀರು ಬೇರೆ ಊರಿನ ಗದ್ದೆಯದು, ಇನ್ನೊಂದು ಈ ಊರಿನ ಬಾವಿಯದು, ಎರಡನ್ನೂ ಹೋಲಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ತೊಳೆದ ನೀರು ಬಾಳೆಯ ಬುಡಕ್ಕೆ ಹೋಗಬಲ್ಲದು. ಬಿಸಾಡಿದ ಲೋಟ ಯಾವ ಬುಡಕ್ಕೂ ಹೋಗದು. ತನ್ನ ಗದ್ದೆಗಳನ್ನೆಲ್ಲ ಅಡಿಕೆ ತೋಟ ಮಾಡಿಕೊಂಡು ಅಕ್ಕಿಯನ್ನು ಬಯಲುಸೀಮೆಯಿಂದ ತರಿಸಿಕೊಳ್ಳುತ್ತಿರುವ ಮಲೆನಾಡಿಗೆ ಅನ್ನ ಚೆಲ್ಲುವ ಹಕ್ಕಂತೂ ಇಲ್ಲ.

ಬಫೆಯನ್ನು ಬಿಡಲಾಗದವರಿಗೂ ದಾರಿಯಿದೆ. ನಾರ್ವೆಯ ಹೋಟೆಲುಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಫೆಯ ತಟ್ಟೆಯ ಅಳತೆಯನ್ನು ಕಿರಿದುಗೊಳಿಸಿದ್ದರಿಂದಲೇ ವ್ಯರ್ಥವಾಗುವ ಆಹಾರ ಸುಮಾರು ಶೇಕಡಾ 20ರಷ್ಟು ಇಳಿಯಿತು. ಮತ್ತೆ ಮತ್ತೆ ಬಂದು ಬಡಿಸಿಕೊಳ್ಳಿ ಎಂಬ ಫಲಕ ಇಟ್ಟಲ್ಲಿಯೂ ಪರಿಣಾಮ ಅಷ್ಟೇ ಇತ್ತು. ಖರ್ಚು ಒಂದು ಫಲಕದ್ದು!

ತಟ್ಟೆ-ಲೋಟದ ವಿಷಯದಲ್ಲಿ ಕಾನೂನಿಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮೋಕೋಲುಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿಯೇ ನಿಷೇಧಿಸಿತು. ಇಡೀ ದೇಶಕ್ಕೆ ಅಂಥದೇ ನಿಷೇಧ 2022ರ ಜುಲೈ 1ರಿಂದ ಬಂದಿತು. ಆದರೆ ಆ ರಾಷ್ಟ್ರೀಯ ಪಟ್ಟಿಯಲ್ಲಿ ಪ್ಲಾಸ್ಟಿಕ್ ಲೋಟದ ಹೆಸರಿತ್ತು, ಕಾಗದದ ಲೋಟದ ಹೆಸರಿರಲಿಲ್ಲ. ಎಲ್ಲರೂ ಕಾಗದಕ್ಕೆ ಹೊರಳಿದರು, ಹಸಿರಾದೆವೆಂದು ಬೀಗಿದರು. ಕಾಗದದ ಲೋಟ ಬಿಸಿ ಚಹಾವನ್ನು ಹಿಡಿದಿಟ್ಟುಕೊಳ್ಳುವುದು ಕಾಗದದ ಬಲದಿಂದಲ್ಲ, ಒಳಮೈಯ ಪಾಲಿಥಿಲೀನ್ ಲೇಪದಿಂದ. ಖರಗಪುರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದಂತೆ, ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. ಜೋಳದ ಪಿಷ್ಟದಿಂದ ಮಾಡಿದ್ದು, ಮಣ್ಣಿನಲ್ಲಿ ಕರಗುತ್ತದೆ ಎಂದು ಮಾರುವ ಪಿಎಲ್ಎ ಲೋಟಗಳದ್ದು ಇನ್ನೊಂದು ಕಥೆ. ಅವು ಸರಿಯಾಗಿ ಕೊಳೆಯಲು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬಹುಕಾಲ ಬೇಕು. ಆಷಾಢದ ಮಳೆಯಲ್ಲಿ ನೆನೆದ ಮಲೆನಾಡಿನ ಗೊಬ್ಬರಗುಂಡಿಯಲ್ಲಿ ಆ ಶಾಖ ಎಲ್ಲಿಂದ ಬರಬೇಕು? ಕೊನೆಗೆ ಎಲ್ಲವೂ ಬಚ್ಚಲೊಲೆಗೆ ಬೀಳುತ್ತದೆ, ಅದರ ಹೊಗೆಯನ್ನು ನೀರು ಕಾಯಿಸುವ ಹೆಂಗಸು ಕುಡಿಯುತ್ತಾಳೆ.

ಹಾಗಾದರೆ ಅಡಿಕೆ ಹಾಳೆಯ ತಟ್ಟೆ? ಇಲ್ಲಿ ಚಳವಳಿಯವರಿಗೂ ಮುಜುಗರವಾಗುವ ಒಂದೆರಡು ಮಾತುಗಳನ್ನು ಹೇಳಲೇಬೇಕು. ಹಾಳೆ ಊರಿನದು, ಉದ್ಯೋಗ ಕೊಡುತ್ತದೆ, ಮಣ್ಣಿಗೆ ಮರಳುತ್ತದೆ, ನಿಜ. ಆದರೆ ಹಾಳೆಯು ಅನಾದಿಯಿಂದ ದನದ ಮೇವು, ತೋಟದ ಮುಚ್ಚಿಗೆ. ಅದನ್ನೆಲ್ಲ ನಗರಕ್ಕೆ ಕಳುಹಿಸಿದರೆ ತೋಟದ ಸಾವಯವ ಅಂಶವೂ ಅದರೊಂದಿಗೆ ಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದ ಹಾಳೆಯಲ್ಲಿ ತಾಮ್ರದ ಅಂಶ ಉಳಿದಿರಬಹುದು. ಚೆನ್ನಾಗಿ ತೊಳೆಯದೆ ಅಚ್ಚಿಗೆ ಹಾಕುವಂತಿಲ್ಲ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯ ಕ್ಷಾರಾಭಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣವೊಡ್ಡಿ ಈ ತಟ್ಟೆಗಳ ಆಮದಿಗೆ ತಡೆ ಹಾಕಿತು. ಅದನ್ನು ವಿದೇಶೀ ಪಿತೂರಿ ಎಂದು ಬೈದು ಸುಮ್ಮನಾಗುವುದು ಸುಲಭ. ಅಡಿಕೆಯಲ್ಲಿರುವ ಅರೆಕೋಲಿನ್ ಕ್ಯಾನ್ಸರ್‌ಕಾರಕ ಇರಬಹುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2020ರಲ್ಲಿ ವರ್ಗೀಕರಿಸಿದೆ. ಹಾಳೆಯಿಂದ ಬಿಸಿ ಸಾರಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ನಮ್ಮ ಪ್ರಯೋಗಾಲಯಗಳು ಅಳೆದು ಬಹಿರಂಗವಾಗಿ ಹೇಳಬೇಕೆಂದು ಒತ್ತಾಯಿಸುವುದು ಬೆಳೆಗಾರನ ಹಿತಕ್ಕೇ ಅಗತ್ಯ. ಅಲ್ಲಿಯವರೆಗೆ ಹಬ್ಬ, ಮದುವೆಗೆ ಬಾಳೆ ಎಲೆ, ಮುತ್ತುಗದ ಪತ್ರಾವಳಿ. ದಿನನಿತ್ಯದ ಹೋಟೆಲಿಗೆ ತೊಳೆಯುವ ತಟ್ಟೆ.

ನೀರಿನ ಬಾಟಲಿ ಇವೆಲ್ಲಕ್ಕಿಂತ ನಾಚಿಕೆಗೇಡು. ವರ್ಷಕ್ಕೆ ಮೂರು ಮೀಟರು ಮಳೆ ಸುರಿಯುವ, ಹೆಜ್ಜೆಗೊಂದು ಒರತೆಯಿರುವ ಊರಿಗೆ ಬಯಲಿನಿಂದ ಲಾರಿಯಲ್ಲಿ ಕುಡಿಯುವ ನೀರು ಹತ್ತಿ ಬರುತ್ತದೆ. ಅತಿಥಿಗೆ ಬಾವಿಯ ನೀರು ಕೊಡಲು ಆತಿಥೇಯನಿಗೇ ಸಂಕೋಚ. ಉತ್ತರ ಸಿಕ್ಕಿಮಿನ ಲಾಚೆನ್ ಎಂಬ ಹಳ್ಳಿಯಲ್ಲಿ ಜುಮ್ಸಾ ಎಂಬ ಸಾಂಪ್ರದಾಯಿಕ ಗ್ರಾಮಸಭೆಯಿದೆ. ಪ್ರವಾಸಿಗರ ಬಾಟಲಿಗಳಿಂದ ಬೇಸತ್ತ ಆ ಊರು 2012ರಲ್ಲಿ ಬಾಟಲಿ ನೀರನ್ನೇ ನಿಷೇಧಿಸಿತು. ಪ್ರವಾಸಿಗರು ಹೋಗುವುದನ್ನು ಬಿಡಲಿಲ್ಲ. ಹತ್ತು ವರ್ಷ ಕಳೆದು, 2022ರ ಜನವರಿಯಿಂದ ಸಿಕ್ಕಿಂ ರಾಜ್ಯವೇ ಆ ದಾರಿ ಹಿಡಿಯಿತು. ನೆರೆಯ ನೀಲಗಿರಿ ಜಿಲ್ಲೆಯಲ್ಲಿ 2019ರಲ್ಲಿ ಬಾಟಲಿಗಳನ್ನು ನಿಷೇಧಿಸಿ ರಸ್ತೆಬದಿಯಲ್ಲಿ ನೀರಿನ ಎಟಿಎಂಗಳನ್ನು ಇಡಲಾಯಿತು. ಲಾಚೆನ್ನಿನಲ್ಲಿ ಮೊದಲ ಹೆಜ್ಜೆ ಇಟ್ಟದ್ದು ರಾಜಧಾನಿಯಲ್ಲ, ಗ್ರಾಮಸಭೆ.

ಕರ್ನಾಟಕದ ಗ್ರಾಮಸಭೆಗಳಿಗೆ ನಾಲಿಗೆಯಿಲ್ಲವೇ? ಬರುವ ಗ್ರಾಮಸಭೆಯಲ್ಲಿ ಊರವರೂ, ರಜೆಗೆ ಮನೆಗೆ ಬಂದ ವಿದ್ಯಾರ್ಥಿಗಳೂ ಎದ್ದು ನಿಂತು ಕೇಳಬಹುದಾದ ಪ್ರಶ್ನೆಗಳಿವೆ. ಪಂಚಾಯತಿಯಿಂದ ಪರವಾನಗಿ ಪಡೆದ ಹೋಮ್‌ಸ್ಟೇಗಳಲ್ಲಿ, ಹೋಟೆಲುಗಳಲ್ಲಿ ಎಷ್ಟು ತಟ್ಟೆ ತೊಳೆದು ಬಳಕೆಯಾಗುತ್ತವೆ? ಕುಡಿಯುವ ನೀರನ್ನು ಕುದಿಸಿ ಆರಿಸಿ ಹಂಡೆಯಲ್ಲಿ ಇಡಲಾಗಿದೆಯೇ? ಉಳಿದ ಅನ್ನಕ್ಕೆ ಗುಂಡಿ ಎಲ್ಲಿದೆ, ಅದಕ್ಕೆ ಮುಚ್ಚಳವಿದೆಯೇ? ತೊಳೆಯುವವರಿಗೆ ಎಷ್ಟು ಕೂಲಿ? ಉತ್ತರ ಬರೆದುಕೊಡದವರ ಪರವಾನಗಿ ನವೀಕರಣದ ಅರ್ಜಿಯನ್ನು ಮೇಜಿನ ಮೇಲೆಯೇ ಇಟ್ಟುಕೊಳ್ಳಲಿ. ಮಳೆಗಾಲ ಶುರುವಾಗುವುದಕ್ಕೆ ಮೊದಲು ಒಂದು ದಿನ ಪಂಚಾಯತಿಯ ಸದಸ್ಯರು ಪ್ರತಿಯೊಂದು ರೆಸಾರ್ಟಿನ ಹಿಂಬದಿಯ ದರೆಯವರೆಗೂ ನಡೆದುಹೋಗಿ ನೋಡಲಿ.