ಗಾಯಕನೊಬ್ಬನ ಕಾಯಕ

ಕಳೆದ ತಿಂಗಳು ನಮ್ಮನ್ನು ಕಾಣಲು ಬಂದ ಭಕ್ತರೊಬ್ಬರು ತಮ್ಮ ಮಗನ ವಿಷಯವಾಗಿ ಬಹಳ ಖಿನ್ನರಾಗಿದ್ದರು. ಹುಡುಗನಿಗೆ ಒಳ್ಳೆಯ ಕಂಠವಿದೆ, ಸಂಗೀತವನ್ನೇ ಕಲಿಯುವೆನೆಂಬ ಹಟವಿದೆ. ತಂದೆಗೆ ಅಂಗಡಿಯ ಚಿಂತೆ. "ಹಾಡಿದರೆ ಹೊಟ್ಟೆ ತುಂಬೀತೇ, ಗುರುಗಳೇ?" ಎಂದು ಕೇಳಿದರು. ಅವರಿಗೆ ಹೇಳಿದ ವೃತ್ತಾಂತವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಜಪಾನ್ ದೇಶದ ನೊರಿಯೊ ಓಗಾ ಅವರು ೧೯೩೦ರಲ್ಲಿ ನುಮಾಜು ಎಂಬ ಊರಿನಲ್ಲಿ ಜನಿಸಿದರು. ಮರದ ವ್ಯಾಪಾರಿಯ ಮಗ. ಟೋಕಿಯೋದಲ್ಲಿ ಪಾಶ್ಚಾತ್ಯ ಗಾಯನವನ್ನು ಅಭ್ಯಸಿಸುತ್ತಿದ್ದಾಗ ಅಲ್ಲಿಯ ಒಂದು ಸಣ್ಣ ಕಂಪನಿ ಹೊಸದಾಗಿ ತಯಾರಿಸಿದ್ದ ಧ್ವನಿಮುದ್ರಣ ಯಂತ್ರವನ್ನು ಕಂಡರು. ನರ್ತಕಿಗೆ ಕನ್ನಡಿ ಹೇಗೋ ಗಾಯಕನಿಗೆ ಈ ಯಂತ್ರ ಹಾಗೆ ಎಂಬುದು ಅವರ ಭಾವನೆ. ಆದರೆ ಕನ್ನಡಿಯೇ ವಕ್ರವಾದರೆ ಮುಖ ನೆಟ್ಟಗೆ ಕಾಣುವುದೆಂತು? ಸ್ವರ ಅಲುಗುತ್ತಿದೆಯೆಂದು ದೋಷಗಳನ್ನೆಲ್ಲ ವಿವರಿಸಿ ಆ ವಿದ್ಯಾರ್ಥಿ ಕಂಪನಿಗೆ ತಿಳಿಸಿದನು. ಸ್ಥಾಪಕರಾದ ಇಬುಕಾ ಮತ್ತು ಮೊರಿಟಾ ಅವರು ಸಿಟ್ಟಾಗಲಿಲ್ಲ. ಆ ತರುಣನನ್ನೇ ಸಲಹೆಗಾರನನ್ನಾಗಿ ಮಾಡಿಕೊಂಡರು. ನಿಂದಕನನ್ನು ಕರೆದು ಮಣೆ ಹಾಕುವ ಈ ಗುಣ ನಮ್ಮ ಸಂಸ್ಥೆಗಳಲ್ಲಿ ಎಷ್ಟಿದೆಯೋ! ಆ ಕಂಪನಿಯೇ ಮುಂದೆ ಸೋನಿ ಎಂದು ಹೆಸರಾಯಿತು.

ಜರ್ಮನಿಯಲ್ಲಿ ಉನ್ನತ ಸಂಗೀತಶಿಕ್ಷಣ ಪಡೆದು ಮರಳಿದ ಓಗಾ ಅವರು ೧೯೫೯ರಲ್ಲಿ ಸೋನಿಯನ್ನು ಸೇರಿದರು. ಕೆಲಕಾಲ ವೇದಿಕೆಯನ್ನೂ ಕಾರ್ಖಾನೆಯನ್ನೂ ಒಟ್ಟಿಗೆ ನಡೆಸಲು ಯತ್ನಿಸಿ, ಎರಡು ದೋಣಿಯಲ್ಲಿ ಕಾಲಿಡಲಾಗದೆಂದು ಅರಿತು ಗಾಯನವೃತ್ತಿಯನ್ನು ತೊರೆದರು. ಈ ತ್ಯಾಗ ಸಣ್ಣದಲ್ಲ. ಅನಂತರ ಸಿಬಿಎಸ್-ಸೋನಿ ಎಂಬ ಧ್ವನಿಮುದ್ರಿಕೆ ಸಂಸ್ಥೆಯನ್ನು ಮುನ್ನಡೆಸಿ, ೧೯೮೨ರಲ್ಲಿ ಸೋನಿಯ ಅಧ್ಯಕ್ಷರಾದರು.

ಅದೇ ವರ್ಷ ಅಕ್ಟೋಬರ್ ೧ರಂದು ಜಪಾನಿನಲ್ಲಿ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿ.ಡಿ., ಮಾರುಕಟ್ಟೆಗೆ ಬಂದಿತು. ಫಿಲಿಪ್ಸ್ ಕಂಪನಿಯೊಡನೆ ಸೇರಿ ರೂಪಿಸಿದ ಈ ತಟ್ಟೆಯ ಅಳತೆಯ ಬಗೆಗೆ ದೀರ್ಘ ಚರ್ಚೆ ನಡೆದಿತ್ತು. ಬೆಥೊವನ್‌ನ ಒಂಬತ್ತನೆಯ ಸಿಂಫನಿ ನಡುವೆ ತುಂಡಾಗದೆ ಒಂದೇ ತಟ್ಟೆಯಲ್ಲಿ ಅಡಗಬೇಕೆಂದು ಓಗಾ ಹಟ ಹಿಡಿದರೆಂದು ಪ್ರತೀತಿ. ಬೇರೆ ಕಾರಣ ಹೇಳುವವರೂ ಉಂಟು. ಅಂತೂ ೧೨ ಸೆಂಟಿಮೀಟರ್ ಅಗಲವೇ ನಿಂತಿತು. ಕೇಳುವವನ ಏಕಾಗ್ರತೆ ಮುರಿಯಬಾರದೆಂಬ ಈ ಕಾಳಜಿ ಬರಿಯ ವ್ಯಾಪಾರಿಗೆ ಹೊಳೆಯುವಂಥದಲ್ಲ. ನಮ್ಮ ಮನೆಗಳಲ್ಲಿ ಪ್ರಾತಃಕಾಲ ವಚನಗಾಯನ ಕೇಳಿದ ತಟ್ಟೆಗಳ ಅಳತೆಯೂ ಅದೇ.

ಎಲ್ಲವೂ ಸರಿದಾರಿಯಲ್ಲೇ ನಡೆಯಿತೆನ್ನಲಾಗದು. ೧೯೮೮ರಲ್ಲಿ ೨೦೦ ಕೋಟಿ ಡಾಲರಿಗೆ ಸಿಬಿಎಸ್ ರೆಕಾರ್ಡ್ಸ್ ಕೊಂಡದ್ದಾಯಿತು. ಮರುವರ್ಷ ೩೪೦ ಕೋಟಿ ಡಾಲರಿಗೆ ಅಮೆರಿಕದ ಕೊಲಂಬಿಯಾ ಚಿತ್ರಸಂಸ್ಥೆ. ಸಂಗೀತವನ್ನು ಅರಿತವರು ಸಿನಿಮಾವನ್ನೂ ಅರಿತಿರುವೆವೆಂದು ಭ್ರಮಿಸಿದರೇನೋ. ೧೯೯೪ರಲ್ಲಿ ಸುಮಾರು ೨೭೦ ಕೋಟಿ ಡಾಲರನ್ನು ನಷ್ಟವೆಂದು ಲೆಕ್ಕದಿಂದ ತೆಗೆದುಹಾಕಬೇಕಾಯಿತು. ಹಮ್ಮಿನ ಬೆಲೆ ದೊಡ್ಡದೇ ಆಯಿತು.

ನಮ್ಮ ಮನಸ್ಸನ್ನು ಸೆಳೆದುದು ಅವರ ಮುಪ್ಪು. ವಾದ್ಯಮೇಳಗಳನ್ನು ನಿರ್ದೇಶಿಸುವ ಹಂಬಲ ಅವರನ್ನು ಬಿಟ್ಟಿರಲಿಲ್ಲ. ೨೦೦೧ರ ನವೆಂಬರಿನಲ್ಲಿ ಬೀಜಿಂಗ್ ನಗರದ ವೇದಿಕೆಯಲ್ಲಿ ಮೇಳವನ್ನು ನಡೆಸುತ್ತಿರುವಾಗಲೇ ಮಿದುಳಿನ ರಕ್ತಸ್ರಾವದಿಂದ ಕುಸಿದುಬಿದ್ದರು. ಬಹುಕಾಲ ಪ್ರಜ್ಞೆಯಿಲ್ಲದೆ ಮಲಗಿ ಮರಳಿ ಎದ್ದರು. ನಿವೃತ್ತಿಯ ಕಾಲಕ್ಕೆ ಬಂದ ಸುಮಾರು ೧೬೦ ಕೋಟಿ ಯೆನ್ ಗೌರವಧನವನ್ನು ಕರುಯಿಜಾವಾ ಎಂಬ ಬೆಟ್ಟದೂರಿನಲ್ಲಿ ಸಂಗೀತಮಂದಿರ ಕಟ್ಟಲು ಅರ್ಪಿಸಿದರು. ಐದು ಮೂಲೆಗಳ ಆ ಮಂದಿರ ೨೦೦೫ರಲ್ಲಿ ತೆರೆಯಿತು. ೨೦೧೧ರ ಏಪ್ರಿಲ್ ೨೩ರಂದು ಓಗಾ ನಿಧನರಾದರು. ದಾಸೋಹವೆಂಬ ಮಾತನ್ನು ಅವರು ಕೇಳಿರಲಾರರು, ಮಾಡಿದ್ದು ಅದನ್ನೇ.

ಇಷ್ಟನ್ನು ಕೇಳಿದ ಭಕ್ತರು, "ಅವರನ್ನು ಕಂಪನಿಯವರೇ ಕರೆದರು, ನಮ್ಮ ಹುಡುಗನನ್ನು ಕರೆಯುವವರು ಯಾರು?" ಎಂದರು. ಪ್ರಶ್ನೆ ನ್ಯಾಯವಾದುದೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವನ್ನೇ ಬಾಳಿನ ಬುತ್ತಿಯಾಗಿ ಕಟ್ಟಿಕೊಟ್ಟುದನ್ನು ನೆನಪಿಸಿದೆವು. ಅವರು ಸುಮ್ಮನೆ ಕುಳಿತರು. ಅಂಗಡಿಯನ್ನು ಮುಂದೆ ಯಾರು ನೋಡಿಕೊಳ್ಳಬೇಕೆಂಬುದಕ್ಕೆ ನಮ್ಮಲ್ಲಿಯೂ ಉತ್ತರವಿರಲಿಲ್ಲ. ಬರುವ ಸೋಮವಾರ ಹುಡುಗನನ್ನು ಕರೆತರಲು ಹೇಳಿದ್ದೇವೆ. ಮೊದಲು ಅವನ ಹಾಡು ಕೇಳಬೇಕು.